ಒಂದು ಮಾತೂ ತಡವರಿಸದ ಅಕ್ಕ

ಅದಕ್ಕೇ ಅಂದಿದ್ದು, ಕೈಮಾತಿನಕ್ಕನನ್ನು ಬೈಯುವವರು ಮೊದಲು ಅವಳ ಕೆಲಸ ಎಂಥದ್ದು ಅಂತ ತಿಳಿದುಕೊಂಡು ಆಮೇಲೆ ಬೈಯಲಿ. ಕಿವಿ ಕೇಳದವರು ಕೈಯಲ್ಲಿ ಆಡಿದ್ದನ್ನು ಅವಳು ಬಾಯಲ್ಲಿ ಹೇಳಬೇಕು, ಬೇರೆಯವರು ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಆಡಿ ತೋರಿಸಬೇಕು. ಹದಿನಾರು ವರ್ಷ ಮಾಡಿದ್ದು ಇದನ್ನೇ. ಮನೆಯ ಹಿಂದಿನ ಕೋಣೆಯ ಗೋಡೆಗೆ ಬೂದು ಬಟ್ಟೆ, ಮುಖಕ್ಕೆ ಎರಡು ದೀಪ, ಎದುರಿಗೆ ಕಂಪ್ಯೂಟರು. ಉಂಗುರ ಹಾಕುವಂತಿಲ್ಲ, ಹೂವಿನ ಬಟ್ಟೆ ತೊಡುವಂತಿಲ್ಲ, ಕೈ ಎದ್ದು ಕಾಣಬೇಕಲ್ಲ. ಆಸ್ಪತ್ರೆಯಿಂದಲೋ ಪೊಲೀಸ್ ಠಾಣೆಯಿಂದಲೋ ಕರೆ ಬಂದರೆ ಸಾಕು, ಅಕ್ಕ ವಿಡಿಯೋದಲ್ಲಿ ಹಾಜರು.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿದೆ. ಕಣ್ಣಿಗೆ ಕಂಡಷ್ಟೇ ಆಡಬೇಕು, ಅದನ್ನೂ "ನಾನು" ಅಂತಲೇ ಆಡಬೇಕು. ಕಳ್ಳ "ನಾನು ಕದ್ದೆ" ಅಂದರೆ ಅಕ್ಕನೂ ಪೊಲೀಸರ ಮುಂದೆ "ನಾನು ಕದ್ದೆ" ಅನ್ನಬೇಕು. ಕಾಣದ್ದನ್ನು ಊಹಿಸಿ ಸೇರಿಸಿದಳೋ, ಈ ಕೆಲಸಕ್ಕೆ ಪರವಾನಗಿ ಕೊಡುವ ಮಂಡಳಿಯವರು ಕಾರ್ಡು ಕಿತ್ತುಕೊಳ್ಳುತ್ತಾರೆ.

ಅವಳಿಗೊಬ್ಬಳು ತಂಗಿ, ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ಹುಟ್ಟಿದಾಗಿನಿಂದ ಕಿವಿ ಕೇಳದು. ಅವಳು ಕೈಯಲ್ಲಿ ಬೈದರೆ ಬೈಸಿಕೊಂಡವರು ಎರಡು ದಿನ ಆ ಬೀದಿಗೆ ಬರುತ್ತಿರಲಿಲ್ಲ, ಅಂಥ ಕೈ.

ಅಷ್ಟರಲ್ಲಿ ಬಂತು ನೋಡಿ, ವೇಗದ ದಾರಿ. ಅಲ್ಲಿಯವರೆಗೆ ಇಂಟರ್ನೆಟ್ಟಿನಲ್ಲಿ ಯಾರ ಮಾಹಿತಿಯೇ ಇರಲಿ, ಎಲ್ಲವೂ ಒಂದೇ ದಾರಿಯಲ್ಲಿ ಹೋಗಬೇಕು ಅಂತ ಕಾನೂನಿತ್ತು. ನೆಟ್ ಕಂಪನಿ ಅದನ್ನು ಮುರಿಯಲು ಹೊರಟಿತು. ಹೆಚ್ಚು ದುಡ್ಡು ಕೊಡುವ ಸಿನಿಮಾ, ಆಟ, ಅಂಗಡಿಗಳಿಗೆ ಬೇರೆ ದಾರಿ, ಮಿಕ್ಕವರು ಇದ್ದ ದಾರಿಯಲ್ಲೇ ನೂಕಾಡಿಕೊಳ್ಳಲಿ ಅಂತ. ಕಾನೂನು ಬದಲಾಗುವ ಮೊದಲು ಆರು ತಿಂಗಳು ಪರೀಕ್ಷೆ, ಅದೂ ಇವರ ಊರಲ್ಲೇ. ಅಕ್ಕನಿಗೆ ಕರೆ ಕಳಿಸುವ ಸಂಸ್ಥೆ ಚಿಕ್ಕದು, ಅಷ್ಟು ದುಡ್ಡು ಕೊಡಲಾರದೆ ಮಿಕ್ಕವರ ಪಾಲಿಗೆ ಬಿತ್ತು.

ನಾಲ್ಕನೇ ತಿಂಗಳಲ್ಲಿ ತಂಗಿ ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದಳು. ಡಾಕ್ಟರು ವಿಷಯ ವಿವರಿಸುತ್ತಿದ್ದಾಗ ಫೋನಿನ ವಿಡಿಯೋ ಸಿಕ್ಕಿಕೊಂಡು ಅಕ್ಕನ ಕೈ ಅರ್ಧಕ್ಕೆ ನಿಂತಿತು. ಎರಡು ನಿಮಿಷ ಕಾದ ಡಾಕ್ಟರು ಗಡಿಯಾರ ನೋಡಿ ಕಾಗದ ಮುಂದಿಟ್ಟರು. ಕಡ್ಡಿಯಂಥ ಅಕ್ಷರ, ಅರ್ಥವಾಗದ ಪದ. ನೋವಿನಲ್ಲಿ ತಂಗಿ ಸಹಿ ಹಾಕಿದಳು. ಎಚ್ಚರವಾದಾಗ ಗರ್ಭಕೋಶ ಇರಲಿಲ್ಲ. ವಯಸ್ಸು ಮೂವತ್ತೊಂದು, ಮದುವೆಯಾಗಿ ಎರಡು ವರ್ಷ.

ಕಾನೂನಿನ ಬಗ್ಗೆ ಸರ್ಕಾರದ ಸಮಿತಿಯವರು ಜನರ ಅಹವಾಲು ಕೇಳುತ್ತಾರೆ ಅಂತ ಗೊತ್ತಾದದ್ದೇ ತಡ, ತಂಗಿ ಹೆಸರು ಕೊಟ್ಟಳು. ಸಿಕ್ಕಿದ್ದು ಮೂರು ನಿಮಿಷ. ಅಕ್ಕ ಸಭೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಒಪ್ಪಲಿಲ್ಲ.

"ನೀನು ಅಲ್ಲಿ ಕೂತ್ಕೋ. ನಾನು ಅಂಗಡಿಯಿಂದ ವಿಡಿಯೋದಲ್ಲಿ ಮಾತಾಡ್ತೀನಿ," ಅಂದಳು ಕೈಯಲ್ಲಿ. "ಹೆಂಗೆ ನಿಂತು ಹೋಗತ್ತೆ ಅಂತ ಅವರ ಕಣ್ಣಾರೆ ನೋಡ್ಲಿ."

"ನಗ್ತಾರೆ ಕಣೇ."

"ನಗ್ಲಿ ಬಿಡು. ನಾನು ಪೆದ್ದಿ ಥರ ಕಂಡಷ್ಟೂ ಒಳ್ಳೇದು. ನೀನು ಮಾತ್ರ ಬಾಯಿ ಹಾಕ್ಬೇಡ. ಕಾಣ್ಲಿಲ್ಲ ಅಂದ್ರೆ ಕಾಣ್ಲಿಲ್ಲ ಅನ್ನು."

ಆಯ್ತು ಅಂದಳು ಅಕ್ಕ. ಮಾತುಗಳನ್ನು ಇಬ್ಬರೂ ಸೇರಿ ಅಡುಗೆಮನೆಯಲ್ಲಿ ಅದೆಷ್ಟು ಸಲ ಹೇಳಿ ನೋಡಿದರೋ, ಅಕ್ಕನಿಗೆ ಬಾಯಿಪಾಠವಾಗಿ ಹೋಯಿತು.

ಸಭೆಯ ದಿನ ದೊಡ್ಡ ಪರದೆಯ ಮೇಲೆ ತಂಗಿ ಕಾಣಿಸಿಕೊಂಡಳು. ಹಿಂದೆ ಹೊಲಿಗೆ ಮಿಷನ್ನು, ಮೈಮೇಲೆ ತಾನೇ ಹೊಲಿದ ನೀಲಿ ಅಂಗಿ. ನಾಲ್ಕು ಮಾತಾಗುವಷ್ಟರಲ್ಲಿ ಚಿತ್ರ ನಿಂತಿತು. ಕಣ್ಣು ಅರ್ಧ ಮುಚ್ಚಿ, ಬಾಯಿ ಸೊಟ್ಟ, ಒಂದು ಕೈ ಮೂಗಿನ ಹತ್ತಿರ. ಆಮೇಲೆ ಜಿಗಿಯಿತು, ಮತ್ತೆ ನಿಂತಿತು.

"ಕಾಣಿಸ್ತಾ ಇಲ್ಲ," ಅಂದಳು ಅಕ್ಕ ಮೈಕಿನಲ್ಲಿ.

ಸಮಿತಿಯ ಸದಸ್ಯರೊಬ್ಬರು ಪಕ್ಕದವರ ಕಡೆ ಬಾಗಿದರು. "ಸೊಳ್ಳೆ ಓಡಿಸ್ತಾ ಇದಾಳೇನ್ರೀ?" ಪಕ್ಕದವರು ಕಿಸಕ್ಕೆಂದರು. ನಗು ಹಿಂದಿನ ಸಾಲಿನವರೆಗೂ ಹೋಯಿತು.

ತಂಗಿಗೆ ಬೇಕಾಗಿದ್ದದ್ದು ಇದೇ ನಗು, ಅಕ್ಕನಿಗೆ ಅದು ಗೊತ್ತಿತ್ತು. ಆದರೂ ಕಿವಿಗೆ ಬಿದ್ದ ಕೂಡಲೇ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಶಾಲೆಯಲ್ಲಿ, ಬಸ್ಸಿನಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ, ತಂಗಿಗೆ ಕೇಳಿಸದ ನಗುವನ್ನೆಲ್ಲ ಅವಳ ಪಾಲಿಗೂ ಸೇರಿಸಿ ಕೇಳಿದವಳು ಇವಳೇ ಅಲ್ಲವೇ. ಬಾಯಿ ತಾನಾಗಿ ತೆರೆದುಕೊಂಡಿತು.

"ನನಗೆ ಏನು ಮಾಡ್ತಾರೆ ಅಂತ ನನಗೇ ಗೊತ್ತಿರಲಿಲ್ಲ," ಅಂದಳು ಅಕ್ಕ. ಪರದೆಯ ಮೇಲೆ ತಂಗಿ ಕಲ್ಲಿನ ಹಾಗೆ ನಿಂತಿದ್ದಳು. "ನನ್ನ ಅಕ್ಕನ ಕೈ ಅರ್ಧಕ್ಕೆ ನಿಂತುಹೋಯ್ತು. ನನ್ನ ಹೊಟ್ಟೆ ಖಾಲಿಯಾಯ್ತು."

ಬಾಯಿಪಾಠವಾಗಿದ್ದ ಮೂರು ನಿಮಿಷವೂ ಒಂದಕ್ಷರ ತಡವರಿಸದೆ ಬಂತು. ಸೊಳ್ಳೆ ಅಂದ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಗಳಿಗೆ ಅಕ್ಕನಿಗೆ ಗೆದ್ದೆವು ಅನ್ನಿಸಿತು.

ಕಂಪನಿಯ ವಕೀಲ ಎದ್ದ. ಮಾತು ಬೆಣ್ಣೆ.

"ಆ ತಾಯಿಗೆ ಆಗಿದ್ದು ಕೇಳಿ ಕರುಳು ಕಿವುಚಿದ ಹಾಗಾಯ್ತು. ಆದ್ರೆ ಸ್ವಾಮಿ, ಈಗ ಅವರು ಮಾತಾಡಿದ್ದು ಸಾಮಾನ್ಯ ದಾರಿಯಲ್ಲೇ. ಚಿತ್ರ ಸ್ವಲ್ಪ ಕುಣೀತು, ಇಲ್ಲ ಅನ್ನಲ್ಲ. ಮಾತು ಒಂದಾದ್ರೂ ತಪ್ಪಿತಾ? ಇಷ್ಟು ಚೆನ್ನಾಗಿ ಕೆಲಸ ಮಾಡೋ ದಾರಿಗೆ ನಿಧಾನ ಅಂತ ಹೆಸರಿಡೋದು ನ್ಯಾಯವಾ?"

ಅಕ್ಕ ಎದ್ದು ನಿಂತಳು. "ಅದು ನಾನು ನೆನಪಿನಿಂದ ಹೇಳಿದ್ದು. ನನಗೆ ಅರ್ಧಕ್ಕರ್ಧ ಕಾಣಿಸ್ಲೇ ಇಲ್ಲ."

"ಹಾಗಾದ್ರೆ ನಾವು ಕೇಳಿದ್ದು ಯಾರ ಮಾತಮ್ಮಾ?" ಅಂದರು ಅಧ್ಯಕ್ಷರು.

"ನನ್ನ ತಂಗೀದೇ."

"ಅವರು ಆಡಿದ್ದು ನೀವು ನೋಡಿದ್ರಾ?"

ಅಕ್ಕ ನಿಂತುಹೋದ ಪರದೆಯ ಕಡೆ ನೋಡಿದಳು.

"ತೆಗೆದುಹಾಕಿ," ಅಂದರು ಅಧ್ಯಕ್ಷರು ಬರೆದುಕೊಳ್ಳುವವನಿಗೆ. "ಪೂರ್ತಿ." ಅವಳ ಮಂಡಳಿಗೂ ಒಂದು ಕಾಗದ ಹೋಗಲಿ ಅಂತ ಸೇರಿಸಿದರು. ಆಮೇಲೆ ಊಟದ ಬಿಡುವು.

ಸಂಜೆ ಅಕ್ಕ ಅಂಗಡಿಗೆ ಬಂದಾಗ ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಕಡೆಯೂ ಎಲ್ಲ ನಿಂತುಹೋಗಿತ್ತು, ಏನೂ ಕಂಡಿರಲಿಲ್ಲ.

"ನಿಂತಿತಾ? ನಕ್ಕರಾ?" ಕಣ್ಣು ಮಿನುಗುತ್ತಿತ್ತು.

ಅಕ್ಕ ಮುಚ್ಚಿಡದೆ ಎಲ್ಲ ಹೇಳಿದಳು. ತಂಗಿ ಕೊನೆಯವರೆಗೂ ನೋಡಿದಳು.

"ನಾನು ಸುಮ್ಮನಿರೋದನ್ನೂ ನೀನೇ ಮಾತಾಡಿಬಿಟ್ಟೆ," ಅಂದಳು.

ಅಕ್ಕ ತಪ್ಪಾಯಿತು ಅನ್ನಲು ಕೈ ಎತ್ತಿದಳು. ತಂಗಿ ಕಣ್ಣು ಮುಚ್ಚಿದಳು. ಕೈಯಲ್ಲಿ ಮಾತಾಡುವವರ ನಡುವೆ ಇದಕ್ಕಿಂತ ದೊಡ್ಡ ಬಾಗಿಲಿಲ್ಲ, ಹೊರಗಿನಿಂದ ತಟ್ಟಲೂ ಆಗುವುದಿಲ್ಲ.

ಮುಂದಿನ ತಿಂಗಳು ಕಾನೂನು ಬದಲಾಯಿತು, ವೇಗದ ದಾರಿ ಊರೂರಿಗೂ ಹೋಯಿತು. ಅಕ್ಕನ ಕಾರ್ಡು ಹೋಯಿತು. ತಂಗಿ ಅವಳನ್ನು ಬಿಟ್ಟುಹಾಕಿದಳು ಅಂದುಕೊಂಡಿರಾ? ಇಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಅಂಗಡಿಯಲ್ಲೇ ಕೆಲಸ ಕೊಟ್ಟಳು, ಗುಂಡಿ ಹೊಲಿಯುವುದು. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ. ಅಕ್ಕನ ಕೈ ಎದ್ದರೆ ಸಾಕು, ಕಣ್ಣು ಮುಚ್ಚುತ್ತಾಳೆ. ಗಿರಾಕಿ ಬಂದರೆ ಸ್ಲೇಟು ಕೊಟ್ಟು ಬರೆಸಿಕೊಳ್ಳುತ್ತಾಳೆ. ತೋಳು ಉದ್ದವೋ ಗಿಡ್ಡವೋ ಅಂತ ಅವರು ಒದ್ದಾಡಿ ಬರೆಯುತ್ತಿರುತ್ತಾರೆ. ಎರಡು ಮಾರು ದೂರದಲ್ಲಿ, ಹದಿನಾರು ವರ್ಷ ಊರಿಗೆಲ್ಲ ಬಾಯಾಗಿದ್ದವಳು ತಲೆ ಬಗ್ಗಿಸಿ ದಾರ ಕಚ್ಚುತ್ತಿರುತ್ತಾಳೆ.

ನಂಬಿಕೆ ಬರದಿದ್ದರೆ ನೀವೇ ಒಮ್ಮೆ ಹೋಗಿ ಬನ್ನಿ. ಬಸ್ ನಿಲ್ದಾಣದ ಎದುರು, ಔಷಧಿ ಅಂಗಡಿಯ ಪಕ್ಕ, ನೀಲಿ ಬಾಗಿಲು. ಅಳತೆ ಕೊಡುವ ನೆಪದಲ್ಲಿ ಸ್ವಲ್ಪ ಹೊತ್ತು ಕೂತಿರಿ. ತಂಗಿಗೆ ಸ್ಲೇಟಿನಲ್ಲೇ ಬರೆಯಿರಿ, ಅಕ್ಕನ ಕಡೆ ಬೆರಳು ತೋರಿಸಬೇಡಿ. ಹೊರಡುವಾಗ ಮಾತ್ರ ಅಕ್ಕನ ಹತ್ತಿರ ನಿಂತು ಏನಾದರೂ ಮಾತಾಡಿಸಿ, ಬಿಸಿಲಿನ ಬಗ್ಗೆ ಆದರೂ ಸರಿ.