ಯಾರನ್ನೂ ಬಿಡದ ಕಾದಂಬರಿ

ಪೀಣ್ಯದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದ ಬೋಲ್ಟನ್ನೂ ಕೆಂಪು ಡಬ್ಬಕ್ಕೆ ಎಸೆಯುತ್ತಿದ್ದ ನಮ್ಮ ಪಕ್ಕದ ಮನೆಯವರಿಗೆ, ತಾವು ಬರೆದ ಕಾದಂಬರಿಯಿಂದ ಒಂದೇ ಒಂದು ಸೀನ್ ತೆಗೆಯುವ ಧೈರ್ಯವಿರಲಿಲ್ಲ. ಕಥೆ ಆ ಕಾರ್ಖಾನೆಯದೇ. ಊಟದ ಬಿಡುವಿನಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳುತ್ತಿದ್ದರು. ಕೇಳಿದವರೆಲ್ಲ “ನನ್ ಸೀನ್ ಎಲ್ಲಿ ಸಾರ್?” ಎನ್ನುತ್ತಿದ್ದರು. ಸಂಜೆಯೊಳಗೆ ಲ್ಯಾಪ್‌ಟಾಪಿನ ಕಾದಂಬರಿ ಬರೆಯುವ ಸಾಫ್ಟ್‌ವೇರಿನಲ್ಲಿ, ಸೀನಿಗೊಂದರಂತಿದ್ದ ಕಾರ್ಡುಗಳ ನಡುವೆ, ಹೊಸದೊಂದು ಹುಟ್ಟುತ್ತಿತ್ತು.

ತಿದ್ದಿಕೊಡಲು ಒಪ್ಪಿದ ತಪ್ಪಿಗೆ ನಾನು ಪ್ರತಿ ಭಾನುವಾರ ಆ ಕಾರ್ಡುಗಳ ಮುಂದೆ ಕೂರಬೇಕಿತ್ತು. ವಾಚ್‌ಮನ್ ಸೀಟಿ ಊದುವ ಸೀನನ್ನು ನಾನು ಅಳಿಸಿದರೆ, ಮುಂದಿನ ವಾರ ಅದು ಕಸದ ಬುಟ್ಟಿಯಿಂದ ಎದ್ದುಬಂದು ನಾಯಕಿಯ ಮದುವೆಯ ನಡುವೆ ನಿಂತಿರುತ್ತಿತ್ತು.

“ಬೇಜಾರ್ ಮಾಡ್ಕೋತಾನೆ ಕಣ್ರೀ,” ಎನ್ನುತ್ತಾ ಅವರು ಕನ್ನಡಕ ಒರೆಸುತ್ತಿದ್ದರು.

ಒಮ್ಮೆ ರೇಗಿಯೇಬಿಟ್ಟೆ. “ಇದೇನು ಕಾದಂಬರೀನೋ, ಹಾಜರಿ ಪುಸ್ತಕಾನೋ? ಇನ್ನೊಂದು ಸೀನ್ ಸೇರಿಸಿದ್ರೆ ನಾನು ಬರೋದೇ ಇಲ್ಲ!”

“ನೀವೂ ಬೇಜಾರ್ ಮಾಡ್ಕೊಂಡ್ರಲ್ರೀ,” ಎಂದು ಮತ್ತೆ ಕನ್ನಡಕ ಒರೆಸಿದರು.

ಮುಂದಿನ ಭಾನುವಾರ ಹೊಸ ಕಾರ್ಡೊಂದಿತ್ತು: ‘ಪಕ್ಕದ ಮನೆಯ ಮೇಡಂ ರೇಗಿದ್ದು’. ಅಳಿಸಲೆಂದೇ ತೆರೆದೆ. ಓದಿದೆ. ಇನ್ನೊಮ್ಮೆ ಓದಿದೆ.

“ಇದು ಇರ್ಲಿ ಬಿಡಿ,” ಎಂದೆ. “ಆದ್ರೆ ವಾಚ್‌ಮನ್ ಸೀನ್‌ಗಿಂತ ಮೊದ್ಲು ಹಾಕಿ.”