‘ತುರಿ’ ಅನ್ನಬೇಡಿ ಮಾರಾಯ್ರೆ

ಹೋದ ವಾರ ಕಳಸದಲ್ಲಿ ಒಬ್ಬ ಹೆಂಗಸು ನನ್ನನ್ನು ಅಡುಗೆಮನೆಯಿಂದ ಆಚೆ ಹಾಕಿದರು. ಮಾಡಿದ ತಪ್ಪು? ‘ಕಾಯಿ ತುರಿದು ಕೊಡಲಾ?’ ಅಂತ ಕೇಳಿದ್ದು.

ಸಹಾಯ ಮಾಡ್ತೀನಿ ಅಂದವನನ್ನು ಯಾರಾದರೂ ಆಚೆ ಹಾಕ್ತಾರಾ? ಹಾಕ್ತಾರೆ. ಪೂರ್ತಿ ಕೇಳಿ.

ನನ್ನ ಹೆಂಡತಿ ಚಳಿಜ್ವರದಿಂದ ಎದ್ದು ತಿಂಗಳಾಯಿತು. ಎದ್ದದ್ದು ಹೆಸರಿಗೆ. ಕ್ವಿನೈನ್ ಕುಡಿದು ಕುಡಿದು ನಾಲಿಗೆ ಸತ್ತೇ ಹೋಗಿದೆ. ಅನ್ನ ಕಹಿ, ಹಾಲು ಕಹಿ. (ನಾನು ಮೊದಲಿಂದಲೂ ಸ್ವಲ್ಪ ಕಹಿಯೇ.) ಎರಡು ಗುಟುಕು ಗಂಜಿ ಕುಡಿದು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ‘ನನ್ನ ಔಷಧಿ ಮುಗೀತು. ಇನ್ನು ಊಟ ಸೇರದಿದ್ದರೆ ನನ್ನ ಕೈಯಲ್ಲೇನೂ ಇಲ್ಲ’ ಅಂದುಬಿಟ್ಟರು ಡಾಕ್ಟರು. 

‘ಏನು ಬೇಕು ಹೇಳೇ’ ಅಂತ ಗೋಗರೆದೆ. ಒಂದೇ ಸಲ ಬಾಯಿ ಬಿಟ್ಟಳು. ‘ನಮ್ಮೂರಿನ ಪತ್ರೊಡೆ.’

ಅವಳ ತವರು ಕಳಸದ ಕಡೆ. ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ನಾನೋ ಬಯಲುಸೀಮೆಯವನು. ಚಿಕ್ಕಮಗಳೂರಿಗೆ ಬಂದು ಇಷ್ಟು ಕಾಲವಾದರೂ ಪತ್ರೊಡೆಗೆ ಸುತ್ತುವ ಆ ಕೆಸುವಿನ ಎಲೆ ಅಂದರೆ ಮಾರು ದೂರ. ಅದನ್ನು ತಿಂದು ಗಂಟಲು ಕೆರೆದುಕೊಳ್ಳುವ ಕರ್ಮ ಯಾರಿಗೆ ಬೇಕು?

ಆದರೂ ಹೊರಟೆ. ಯುದ್ಧ ಶುರುವಾದ ಮೇಲೆ ನಮ್ಮ ಬಸ್ಸು ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸು ತಿಂದು ಓಡುತ್ತದಲ್ಲ, ಮೂಡಿಗೆರೆ ದಾಟಿದ ಮೇಲೆ ಏರು ಬಂದಾಗಲೆಲ್ಲ ಇಳಿದು ತಳ್ಳಿದೆವು. (ಟಿಕೆಟ್ ಕೊಟ್ಟದ್ದು ಕೂರುವುದಕ್ಕೋ, ತಳ್ಳುವುದಕ್ಕೋ?)

ಕಳಸದಲ್ಲಿ ಇಳಿದುಕೊಂಡದ್ದು ಪರಿಚಯದ ಎಸ್ಟೇಟ್ ರೈಟರ್ ಒಬ್ಬರ ಮನೆಯಲ್ಲಿ. (ರೈಟರ್ ಅಂದರೆ ನನ್ನ ಹಾಗೆ ಬರೆಯುವವರಲ್ಲ, ತೋಟದ ಆಳುಗಳ ಹಾಜರಿ ಬರೆಯುವವರು. ಅವರು ಬರೆದದ್ದನ್ನು ಜನ ನಂಬುತ್ತಾರೆ.) ಅವರ ಹೆಂಡತಿ ಭಾಗೀರಥಮ್ಮನವರಿಗೆ ವಿಷಯ ಹೇಳಿದೆ.

‘ನಾನು ಮಾಡಿ ಕಟ್ಟಿ ಕೊಟ್ರೆ ನಿಮ್ಮ ಬಸ್ಸು ಊರು ಮುಟ್ಟೋ ಹೊತ್ತಿಗೆ ಹಳಸಿ ಹೋಗುತ್ತೆ. ನೀವೇ ಕಲೀರಿ’ ಅಂದರು.

‘ನಾನಾ?’

‘ಮತ್ತೆ? ಮಲಗಿರೋದು ನಿಮ್ಮ ಹೆಂಡ್ತಿ ತಾನೆ?’

 ಪಂಚೆ ಎತ್ತಿ ಕಟ್ಟಿ ಒಳಗೆ ಹೋದೆ.

ಭಾಗೀರಥಮ್ಮ ಎಲೆ ಬೋರಲು ಹಾಕಿ, ದಪ್ಪ ನಾರನ್ನು ಚಾಕುವಿನಿಂದ ಸವರಿ ತೆಗೆದರು. ನೆನೆದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಬೆಲ್ಲ ಒರಳ ಪಕ್ಕ ಸಾಲಾಗಿ ಕೂತವು. ಜೊತೆಗೆ ವಾಟೆಹುಳಿ, ಕಾಡಿನ ವಾಟೆಹಣ್ಣನ್ನು ಒಣಗಿಸಿದ್ದು. ‘ಹುಳಿ ಜಾಸ್ತಿಯೇ ಬೀಳ್ಲಿ. ಕಮ್ಮಿಯಾದ್ರೆ ಕೆಸು ಮಾತಾಡುತ್ತೆ’ ಅಂದರು. ಇನ್ನು ಬಾಕಿ ತೆಂಗಿನಕಾಯಿ. ಅದು ನನಗೂ ಬರುವ ಕೆಲಸ! ಉತ್ಸಾಹದಿಂದ ಕೇಳಿದೆ, ತುರಿದು ಕೊಡಲಾ ಅಂತ.

‘ಶ್!’ ಸೌಟು ಬಾಗಿಲ ಕಡೆ ತೋರಿಸಿತು. ‘ಆಚೆ ನಡೀರಿ. ಕೆಸು ಇರೋ ಒಲೆ ಮುಂದೆ ಆ ಮಾತು ಆಡ್ಬಾರ್ದು ಮಾರಾಯ್ರೆ. ಹೆಸರು ಹೇಳಿದ್ರೆ ಬಂದು ಗಂಟಲಲ್ಲೇ ಕೂರುತ್ತೆ.’

ಹೊಸ್ತಿಲಾಚೆ ನಿಂತಾಗ ಅರ್ಥವಾಯಿತು. ಕಾಯಿಗೂ ತುರಿ, ಮೈಗೂ ತುರಿ. ಎಲೆ ತಪ್ಪಾಗಿ ಕೇಳಿಸಿಕೊಂಡರೆ?

‘ಮತ್ತೇನನ್ನಲಿ?’

‘ಹೆರೆದು ಕೊಡ್ತೀನಿ ಅನ್ನಿ. ನಾವೆಲ್ಲ ಹೆರೆಯೋದೇ.’

ಅಂದೆ. ಒಳಗೆ ಬಿಟ್ಟರು. ಆ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಅಂತ ಹೊಳೆಯಲಿಲ್ಲ.

ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುತ್ತುವುದಿದೆಯಲ್ಲ, ನನ್ನ ಮೊದಲ ಸುರುಳಿ ಬಿಚ್ಚಿಕೊಂಡಿತು. ಎರಡನೆಯದೂ. ಭಾಗೀರಥಮ್ಮ ನಗಲಿಲ್ಲ. ತಾವೇ ಮಾಡಿ ಮುಗಿಸಲೂ ಇಲ್ಲ. ಪ್ರತಿ ಸಲ ಬಿಡಿಸಿ, ಎಲೆ ಒರೆಸಿ, ಮತ್ತೆ ನನ್ನ ಮುಂದೆ ಇಟ್ಟರು. ಐದನೆಯದು ನಿಂತಿತು. ಮುಖವನ್ನೂ ನೋಡದ ಹೆಂಗಸೊಬ್ಬಳ ನಾಲಿಗೆಗಾಗಿ ಮನೆಗೆಲಸವೆಲ್ಲ ಬಿಟ್ಟು ಇಡೀ ದಿನ ಕೊಟ್ಟ ಆ ತಾಯಿಗೆ ನಾನು ಏನು ಕೊಟ್ಟರೂ ಕಡಿಮೆಯೇ. ಹೊರಡುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಒಂದು ಪೊಟ್ಟಣ ವಾಟೆಹುಳಿ ಅವರೇ ಕೈಗಿಟ್ಟರು.

ಮನೆಗೆ ಬಂದವನೇ ಟವೆಲ್ ಬಿಗಿದು ಕೂತೆ. ಮಂಚದಿಂದ ಕ್ಷೀಣವಾಗಿ ದನಿ ಬಂತು. ‘ಏನ್ರೀ ಅದು ಸದ್ದು?’

‘ಕಾಯಿ ಹೆರೀತಿದ್ದೀನಿ ಕಣೇ!’

ಮಂಚ ಕಿರುಗುಟ್ಟಿತು. ತಿರುಗಿ ನೋಡಿದರೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ! ತಿಂಗಳಿಂದ ಯಾರೂ ಹಿಡಿಯದೆ ಎದ್ದು ಬಂದದ್ದು ಅದೇ ಮೊದಲು.

‘ಏನಂದ್ರಿ? ಇನ್ನೊಂದ್ಸಲ ಹೇಳಿ.’

‘ಹೆರೀತಿದ್ದೀನಿ.’

ಅವಳ ಕಣ್ಣು ತುಂಬಿತು. ನನಗೆ ಆಗ ಹೊಳೆಯಿತು, ಎಲ್ಲಿ ಕೇಳಿದ್ದೆ ಅಂತ.

ಮದುವೆಯಾದ ಹೊಸತು. ‘ಅತ್ತೆ, ಕಾಯಿ ಹೆರೀಲಾ?’ ಅಂದಿದ್ದಳು ಈ ಹುಡುಗಿ. ‘ಅಯ್ಯೋ, ಕಾಯಿ ಹೆರುತ್ತಾ? ಸೂಲಗಿತ್ತಿಗೆ ಹೇಳಿ ಕಳಿಸಲಾ?’ ಅಂದಿದ್ದೆ ನಾನು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅವಳೂ ನಕ್ಕಿದ್ದಳು. ಆಮೇಲೆ ಹನ್ನೊಂದು ವರ್ಷ ಆ ಮಾತು ಅವಳ ಬಾಯಿಂದ ಬರಲೇ ಇಲ್ಲ. ಬಂದಿಲ್ಲ ಅನ್ನುವುದು ನನಗೆ ಗೊತ್ತೂ ಆಗಲಿಲ್ಲ. ಥೂ ನನ್ನ ಜನ್ಮಕ್ಕೆ!

ಅವತ್ತು ಅವಳು ನಾಲ್ಕು ಪತ್ರೊಡೆ ತಿಂದಳು. ಹುಳಿ ಕಮ್ಮಿಯಾಗಿತ್ತು. ನನ್ನ ಗಂಟಲು ಸ್ವಲ್ಪ... (ಬೇಡ, ಆ ಮಾತು ಆಡುವುದಿಲ್ಲ.) ಅವಳು ಮಾತ್ರ ‘ಇನ್ನೊಂದು ಹಾಕಿ’ ಅಂತ ತಟ್ಟೆ ಮುಂದೆ ಮಾಡಿದಳು.

ನಿಮ್ಮ ನಗುವಿಗೆ ಹೆದರಿ ನಿಮ್ಮ ಮನೆಯಾಕೆ ನುಂಗಿಕೊಂಡ ತವರಿನ ಮಾತು ಯಾವುದು, ಯಾವತ್ತಾದರೂ ಕೇಳಿದ್ದೀರಾ?