ಅಕ್ಕನ ಮನೆಯ ಹೆಪ್ಪು

ಕಡೂರಿನ ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ, ಅಂಗೈಯಗಲದ ಕಂಪ್ಯೂಟರೊಂದು ಕೂತಿದೆ. ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಮನೆಯ ಸರ್ವರ್ ಮಾಡಿದವನು ನಾನು. ಆ ಜಂಬ ಇನ್ನೂ ಇಳಿದಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಅದು ತಾನಾಗಿಯೇ ಅವ್ವನ ಹಾಡು ಹಾಕುತ್ತದೆ. ಗಂಟಲಿನ ಆಪರೇಷನ್ನಿಗೆ ಮೊದಲು ಅವ್ವ ಹಾಡಿದ ಬೀಸುವ ಪದ, ಸೋಬಾನೆ ಎಲ್ಲ ಅದರೊಳಗಿವೆ. ಈಗ ಅವಳಿಗೆ ಹಾಡಲಾಗುವುದಿಲ್ಲ.

ಅದನ್ನು ಕೂರಿಸಿದ ದಿನವೇ ಅವ್ವ ಅಂದಿದ್ದಳು: "ಇದೊಂದ್ರಲ್ಲೇ ಇಡ್ತೀಯಾ? ನಿಮ್ಮಕ್ಕನ ಮನೇಗೂ ಒಂದಿಷ್ಟು ಹೆಪ್ಪು ಕೊಟ್ಟಿರು. ನಮ್ದು ಕೆಟ್ರೆ ಅಲ್ಲಿಂದ ತರಬೋದು."

ಮೊಸರಿಗೂ ಸರ್ವರಿಗೂ ಏನು ಸಂಬಂಧ ಎಂದು ರೇಗಿದೆ. ಆದರೂ ಅವಳ ಸಮಾಧಾನಕ್ಕೆ ಇಂಥದೇ ಇನ್ನೊಂದು ಕಂಪ್ಯೂಟರಿಗೆ ಹಾಡುಗಳನ್ನೆಲ್ಲ ತುಂಬಿ, ತರೀಕೆರೆಯ ಅಕ್ಕನಿಗೆ ಕೊಟ್ಟು ಮರೆತುಬಿಟ್ಟೆ.

ಹೋದ ವರ್ಷ ಒಂದು ದಿನ ಆರು ಹೊಡೆದರೂ ಅಡುಗೆಮನೆ ಸುಮ್ಮನಿತ್ತು. ಹಾಡುಗಳಿದ್ದ ಮೆಮೊರಿ ಕಾರ್ಡ್ ಸತ್ತಿತ್ತು. ಸಂಜೆಯವರೆಗೂ ಕರಿ ಪರದೆಯ ಮುಂದೆ ಕೂತು ಗೊತ್ತಿದ್ದ ಕಮಾಂಡುಗಳನ್ನೆಲ್ಲ ಕೊಟ್ಟೆ. ಒಂದು ಹಾಡೂ ಸಿಗಲಿಲ್ಲ. ಅವ್ವನಿಗೆ ಮುಖ ತೋರಿಸಲು ಹೆದರಿಕೆಯಾಯಿತು. ನನ್ನ ಪಾಡು ನೋಡಿ ಅವಳೇ ಬಂದು, "ಅಕ್ಕನ ಮನೇಲಿ ಐತಲ್ಲೋ" ಎಂದು ಪಿಸುಗುಟ್ಟಿದಳು.

ಕುಣಿಯುವಷ್ಟು ಖುಷಿಯಾಗಿ ಅಕ್ಕನಿಗೆ ಫೋನ್ ಮಾಡಿ, ಹಾಡಿನ ಹೆಪ್ಪು ಬೇಕೆಂದೆ.

"ದೀಪ ಹಚ್ಚಾಯ್ತು ಕಣೋ. ಹೊತ್ತು ಮುಳುಗಿದ್ಮೇಲೆ ಹೆಪ್ಪು ಕೊಡಲ್ಲ. ಬೆಳಿಗ್ಗೆ ತಗೋ."

"ನೆಟ್ಟಲ್ಲಿ ಎಳ್ಕೋತೀನಿ ಕಣಕ್ಕ, ನಿನ್ನ ಹೊಸಿಲು ದಾಟೋದೇ ಇಲ್ಲ."

"ಹೆಂಗ್ ಹೋದ್ರೂ ಕೊಟ್ಟಂಗೇ ಅಲ್ವೇನೋ" ಎಂದು ನಗುತ್ತಾ ಆ ಕಂಪ್ಯೂಟರಿನ ಸ್ವಿಚ್ಚನ್ನೇ ಆರಿಸಿಬಿಟ್ಟಳು. ನಾನು ಅವಳನ್ನು ಬೈದುಕೊಂಡೇ ಮಲಗಿದೆ.

ಮರುದಿನ ಅಂಗಡಿ ತೆರೆಯುತ್ತಲೇ ಹೊಸ ಕಾರ್ಡ್ ತಂದು, ಲಿನಕ್ಸ್ ಕೂರಿಸಿ, ಅಕ್ಕನ ಮನೆಯಿಂದ ಹಾಡುಗಳನ್ನು ಎಳೆದುಕೊಂಡೆ. ಎಲ್ಲವೂ ಬಂದವು. ಎಣಿಸಿದರೆ, ನಾನು ಕೊಟ್ಟಿದ್ದಕ್ಕಿಂತ ಒಂದು ಹೆಚ್ಚಿತ್ತು. ಹಾಕಿ ನೋಡಿದೆ. ಅಕ್ಕನ ದನಿ. ರೆಕಾರ್ಡ್ ಮಾಡುವಾಗ ಅವ್ವ ನೆನಪಾಗದೆ ಅರ್ಧಕ್ಕೆ ಬಿಟ್ಟಿದ್ದ ಸೋಬಾನೆಯೊಂದನ್ನು ಅಕ್ಕ ಕೊನೆಯ ನುಡಿಯವರೆಗೂ ಹಾಡಿ, ಯಾರಿಗೂ ಹೇಳದೆ ಅದರೊಳಗೆ ಸೇರಿಸಿದ್ದಳು. ಹಿಂದಿನ ಸಂಜೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅಷ್ಟು ಸಂತೋಷ ನನಗೆ ಯಾವ ಕಮಾಂಡಿನಿಂದಲೂ ಆಗಿಲ್ಲ.

ಅವ್ವ ಒಲೆ ಸಣ್ಣ ಮಾಡಿ ಬಂದು ನಿಂತಳು. "ಇದೇ ನುಡಿ ಕಣೋ, ಇದೇ ಮರ್ತಿದ್ದೆ" ಎಂದಳು. ಆಮೇಲೆ ಹಾಡು ಮುಗಿಯುವವರೆಗೂ ಅಕ್ಕನ ದನಿಗೆ ತನ್ನ ತುಟಿ ಸೇರಿಸಿ, ದನಿಯಿಲ್ಲದೆಯೇ ಹಾಡಿದಳು.